ಮರದ ಬುಡಕ್ಕೆ ನೀರು ಮುಟ್ಟಿತೇ? ಹೃದಯದ ಥಾಲಿಯಂ ಟೆಸ್ಟ್ ಮತ್ತು ನಮ್ಮ ಜಿಲ್ಲೆ

ಶಿರಸಿ ಕಡೆಯ ನನ್ನ ಸೋದರಮಾವನಿಗೆ 64 ವರ್ಷ. ಕಳೆದ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ತೋಟದಿಂದ ಮನೆಯ ಏರು ಹತ್ತುವಾಗ ಎದೆ ಹಿಡಿದಂತಾಗುತ್ತಿತ್ತು. ಎರಡು ನಿಮಿಷ ನಿಂತರೆ ಸರಿಹೋಗುತ್ತಿತ್ತು. ಮನೆಯವರೆಲ್ಲ ಗ್ಯಾಸ್ಟ್ರಿಕ್ ಅಂದರು. ಮುರುಗಲು ಶರಬತ್ತು, ಜೀರಿಗೆ ಕಷಾಯ ಎಲ್ಲ ಆಯಿತು. ಒಂದು ದಿನ ಏರಿನ ಮಧ್ಯದಲ್ಲೇ ಕುಳಿತುಬಿಟ್ಟ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಇಸಿಜಿ ಚೆನ್ನಾಗಿತ್ತು. ಎಕೋ ಚೆನ್ನಾಗಿತ್ತು. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ತೆಗೆಯುವ ಟಿಎಂಟಿ ಮಾಡೋಣವೆಂದರೆ ಮೊಣಕಾಲು ನೋವು, ನಾಲ್ಕು ನಿಮಿಷಕ್ಕೇ ಇಳಿದುಬಿಟ್ಟರು. ಕೊನೆಗೆ ಡಾಕ್ಟರು ಚೀಟಿಯಲ್ಲಿ ‘ಸ್ಟ್ರೆಸ್ ಥಾಲಿಯಂ’ ಎಂದು ಬರೆದರು. ಇದೊಂದು ನ್ಯೂಕ್ಲಿಯರ್ ಸ್ಕ್ಯಾನ್, ಹುಬ್ಬಳ್ಳಿಗೆ ಹೋಗಿ ಮಾಡಿಸಿ ಅಂದರು.

ಬಸ್‌ಸ್ಟ್ಯಾಂಡಿನ ತನಕ ಮಾವ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು: “ತಮಾ, ಇದು ಕೈಗಾದಲ್ಲಿ ಇಪ್ಪ ಅಣುವೇ ಅಲ್ದಾ?”

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಪ್ರಶ್ನೆ ಬರುವುದು ಸಹಜ. 1980ರ ದಶಕದ ಕೈಗಾ ವಿರೋಧಿ ಹೋರಾಟ ಕಂಡವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅಲ್ಲಿನ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ‘ಅಣು’ ಅಂದರೆ ನಮಗೆ ಕಾಳಿ ನದಿ, ಕಾಡು, ಕಾಯಿಲೆಯ ಭಯ ಎಲ್ಲ ಒಟ್ಟಿಗೇ ನೆನಪಾಗುತ್ತದೆ. ಹಾಗಾಗಿ ಮಾವನಿಗೆ ನಾನು ಸುಮ್ನೆ ‘ಏನೂ ಆಗೋದಿಲ್ಲ’ ಅನ್ನಲಿಲ್ಲ. ತಿಳಿದುಕೊಂಡು ಹೇಳುತ್ತೇನೆ ಅಂದೆ. ಆಗ ತಿಳಿದುಕೊಂಡದ್ದೇ ಈ ಬರಹ.

ಹೃದಯವೂ ಒಂದು ಸ್ನಾಯು. ದುಡಿಯಲು ಅದಕ್ಕೂ ರಕ್ತ ಬೇಕು. ಒಳಗೆ ತುಂಬಿ ಹರಿಯುವ ರಕ್ತ ಅದರ ಹೊಟ್ಟೆ ತುಂಬಿಸುವುದಿಲ್ಲ. ಹೊರಮೈ ಮೇಲೆ ಹಬ್ಬಿರುವ ಕೊರೊನರಿ ರಕ್ತನಾಳಗಳೇ ಅದಕ್ಕೆ ರಕ್ತ ತಲುಪಿಸಬೇಕು. ಇವುಗಳಲ್ಲಿ ಕೊಬ್ಬು ಕಟ್ಟಿಕೊಂಡಾಗ ನಾವು ‘ಬ್ಲಾಕ್’ ಅನ್ನುತ್ತೇವೆ.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಮುಂದಿನದು ಕೂಡಲೇ ಅರ್ಥವಾಗುತ್ತದೆ. ಒಂದು ಲೈನಿನ ಪೈಪು ಒಳಗೆ ಅರ್ಧ ಕಟ್ಟಿಕೊಂಡಿದೆ ಅಂದುಕೊಳ್ಳಿ. ಒಂದೇ ಜೆಟ್ ತೆರೆದರೆ ನೀರು ಚೆನ್ನಾಗೇ ಹಾರುತ್ತದೆ. ಎಲ್ಲಾ ಜೆಟ್ ತೆರೆದು ನೋಡಿ, ಆಗ ಕೊನೆಯ ಎರಡು ತಲೆ ತಗ್ಗಿಸುತ್ತವೆ. ಹೃದಯದಲ್ಲೂ ಹೀಗೇ ಆಗುತ್ತದೆ. ಸುಮ್ಮನೆ ಕುಳಿತಾಗ ನಾಳ ಶೇ 80ರಷ್ಟು ಕಿರಿದಾಗಿದ್ದರೂ ರಕ್ತ ಸಾಕಾಗುವಷ್ಟು ಬರುತ್ತಿರುತ್ತದೆ. ದುಡಿಯುವಾಗ ಆರೋಗ್ಯವಾದ ನಾಳ ಹರಿವನ್ನು ಮೂರರಿಂದ ಐದು ಪಟ್ಟು ಹೆಚ್ಚಿಸಬಲ್ಲದು. ಕಟ್ಟಿಕೊಂಡ ನಾಳಕ್ಕೆ ಅದು ಆಗುವುದಿಲ್ಲ. ಅರ್ಧದಷ್ಟು ಕಿರಿದಾದಾಗಲೇ ಈ ಕೊರತೆ ಶುರುವಾಗಬಹುದು. ಮಾವನ ಇಸಿಜಿ, ಎಕೋ ಎರಡೂ ಚೆನ್ನಾಗಿದ್ದದ್ದು ಇದಕ್ಕೇ. ಎರಡನ್ನೂ ಅವರು ಮಲಗಿದ್ದಾಗ ಮಾಡಿದ್ದರು. ಎದೆ ಹಿಡಿಯುತ್ತಿದ್ದದ್ದು ಏರು ಹತ್ತುವಾಗ.

ಆದ್ದರಿಂದ ಈ ಟೆಸ್ಟ್‌ನಲ್ಲಿ ಮೊದಲು ಹೃದಯವನ್ನು ದುಡಿಸುತ್ತಾರೆ. ಕಾಲು ಗಟ್ಟಿ ಇದ್ದವರನ್ನು ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ಮಾವನಂಥವರಿಗೆ ಅಡೆನೊಸಿನ್ ಎಂಬ ಔಷಧಿಯನ್ನು ನಾಲ್ಕರಿಂದ ಆರು ನಿಮಿಷ ನಿಧಾನಕ್ಕೆ ರಕ್ತಕ್ಕೆ ಬಿಡುತ್ತಾರೆ. ಅದು ಆರೋಗ್ಯವಾದ ನಾಳಗಳನ್ನು ಅಗಲ ಮಾಡುತ್ತದೆ, ದುಡಿದಾಗಿನ ಹಾಗೆ ಹರಿವು ಏರುತ್ತದೆ. ಹೃದಯ ಅದೇ ಸ್ಥಿತಿಯಲ್ಲಿರುವಾಗ ಕೈಯ ನರಕ್ಕೆ ಅತಿ ಸ್ವಲ್ಪ ವಿಕಿರಣ ಸೂಸುವ ಇನ್ನೊಂದು ಔಷಧಿ ಕೊಡುತ್ತಾರೆ. ರಕ್ತ ಎಲ್ಲಿ ಎಷ್ಟು ಹೋಯಿತೋ ಅಲ್ಲಿ ಅಷ್ಟು ಔಷಧಿ ಹೃದಯದ ಕೋಶಗಳ ಒಳಗೆ ಹೋಗಿ ಕೂರುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಗಾಮಾ ಕ್ಯಾಮೆರಾ ಎದೆಯ ಸುತ್ತ ತಿರುಗಿ, ಹೊರಬರುವ ಕಿರಣಗಳನ್ನು ಹಿಡಿದು ಚಿತ್ರ ಕಟ್ಟುತ್ತದೆ. ಕ್ಯಾಮೆರಾ ಯಾವ ಕಿರಣವನ್ನೂ ನಮ್ಮೊಳಗೆ ಬಿಡುವುದಿಲ್ಲ. ಬೆಳಕು ಒಳಗಿನಿಂದ ಬರುತ್ತದೆ, ಅದು ನೋಡುತ್ತದೆ ಅಷ್ಟೆ. ಇಷ್ಟನ್ನೇ ವಿಶ್ರಾಂತಿಯಲ್ಲಿ ಇನ್ನೊಮ್ಮೆ ಮಾಡಿ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಓದುತ್ತಾರೆ.

ಅಂದ ಹಾಗೆ, ಹೆಸರು ಥಾಲಿಯಂ ಟೆಸ್ಟ್ ಆದರೂ ಇವತ್ತು ಹೆಚ್ಚಿನ ಕಡೆ ಬಳಸುವುದು ಟೆಕ್ನೀಶಿಯಂ-99ಎಂ. ಮೊದಮೊದಲು ಥಾಲಿಯಂ-201 ಬಳಸುತ್ತಿದ್ದರು. ಆ ಹೆಸರು ಡಾಕ್ಟರ ಬಾಯಲ್ಲೂ ಜನರ ಬಾಯಲ್ಲೂ ಹಾಗೇ ಉಳಿದಿದೆ. ಥಾಲಿಯಂನ ಶಕ್ತಿ ಅರ್ಧಕ್ಕಿಳಿಯಲು 73 ಗಂಟೆ ಬೇಕು. ಟೆಕ್ನೀಶಿಯಂಗೆ 6 ಗಂಟೆ ಸಾಕು. ರೋಗಿಗೆ ತಾಗುವ ವಿಕಿರಣ ಕಡಿಮೆಯಾಗಲು ಇದೂ ಒಂದು ಕಾರಣ. ಚಿತ್ರವೂ ಹೆಚ್ಚು ಸ್ಪಷ್ಟ.

ನಮಗೆ ತೊಂದರೆ ಕೊಟ್ಟದ್ದು ವಿಕಿರಣ ಅಲ್ಲ, ಚಹಾ. ಬೆಳಗಿನ ಜಾವ ಶಿರಸಿ ಬಿಟ್ಟು ಮುಂಡಗೋಡ ದಾಟಿ ತಡಸದಲ್ಲಿ ಬಸ್ ನಿಂತಿತು. ಮಾವ ಒಂದು ಚಹಾ ಕುಡಿದರು. ಆಸ್ಪತ್ರೆಯಲ್ಲಿ ನರ್ಸ್ ಮೊದಲು ಕೇಳಿದ್ದೇ ಅದನ್ನು: “ಅಜ್ಜಾರ, ಚಹಾ ಕುಡದು ಬಂದೀರೇನು?” ಟೆಸ್ಟ್ ಮುಂದಕ್ಕೆ ಹೋಯಿತು. ಚಹಾ, ಕಾಫಿ, ಕೋಲಾ, ಚಾಕಲೇಟಿನಲ್ಲಿರುವ ಕೆಫೀನ್ ಅಡೆನೊಸಿನ್ ಕೆಲಸ ಮಾಡುವ ಜಾಗವನ್ನೇ ಹಿಡಿದು ಕೂರುತ್ತದೆ. ನಾಳ ಅಗಲವಾಗುವುದಿಲ್ಲ, ಇದ್ದ ಕೊರತೆ ಚಿತ್ರದಲ್ಲಿ ಕಾಣುವುದಿಲ್ಲ, ಸುಳ್ಳು ‘ನಾರ್ಮಲ್’ ಬರುತ್ತದೆ. ಅದಕ್ಕೇ 12 ಗಂಟೆ, ಹಲವು ಕಡೆ 24 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಫೋನಿನಲ್ಲಿ ದಿನ ಗೊತ್ತು ಮಾಡಿದವರು ನಮಗೆ ಈ ಒಂದು ಮಾತು ಹೇಳಿರಲಿಲ್ಲ. ಪಕ್ಕದ ಬೀದಿಯವರಿಗೆ ಇದು ಸಣ್ಣ ವಿಷಯ. ನೂರು ಕಿಲೋಮೀಟರ್ ದೂರದಿಂದ ತೋಟದ ಕೆಲಸ ಬಿಟ್ಟು ಬಂದವರಿಗೆ ಒಂದು ದಿನ, ಇಬ್ಬರ ಬಸ್ ಚಾರ್ಜು, ಇನ್ನೊಂದು ವಾರದ ಆತಂಕ. ಹೊರಡುವ ಮುಂಚೆ ನೀವೇ ಫೋನ್ ಮಾಡಿ ಏನು ತಿನ್ನಬಹುದು, ಏನು ಬಿಡಬೇಕು, ಯಾವ ಮಾತ್ರೆ ನಿಲ್ಲಿಸಬೇಕು ಎಂದು ಕೇಳಿ. ಉಬ್ಬಸಕ್ಕೆ ಡೆರಿಫಿಲಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಹೇಳಲೇಬೇಕು. ಅದೂ ಕೆಫೀನ್ ಹಾಗೇ ಅಡ್ಡ ಬರುತ್ತದೆ. ಉಬ್ಬಸ ಜೋರಿದ್ದವರಿಗೆ ಅಡೆನೊಸಿನ್ ಕೊಡುವುದಿಲ್ಲ, ಬೇರೆ ಔಷಧಿ ಇದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಗ್ಗೆ ಕೇಳಿಕೊಳ್ಳಬೇಕು. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಎರಡನೇ ಸಲ ಟೆಸ್ಟ್ ಆಯಿತು. ಔಷಧಿ ಹೋಗುವಾಗ ಮೈಯೆಲ್ಲ ಬಿಸಿಯಾಗಿ, ಎದೆ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗೆ ಆಯಿತಂತೆ. ನಿಲ್ಲಿಸಿದ ಕೂಡಲೇ ಇಳಿಯಿತು. ಅಡೆನೊಸಿನ್ ರಕ್ತದಲ್ಲಿ ಉಳಿಯುವುದು ಕೆಲವೇ ಸೆಕೆಂಡು.

ಈಗ ಮಾವನ ಪ್ರಶ್ನೆಗೆ ಬರೋಣ. ವಿಕಿರಣ ಎಷ್ಟು? ಮೈಗೆ ತಾಗುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಟೆಕ್ನೀಶಿಯಂ ಬಳಸಿ ಎರಡೂ ಚಿತ್ರ ತೆಗೆದರೆ ಸುಮಾರು 10 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶ, ಊಟದಿಂದ ಮನುಷ್ಯನಿಗೆ ವರ್ಷಕ್ಕೆ ಸಹಜವಾಗಿ ತಾಗುವುದು ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಅಂದರೆ ನಾಲ್ಕು ವರ್ಷದ್ದು ಒಂದೇ ದಿನಕ್ಕೆ. ಕೈಗಾದಲ್ಲಿ ದುಡಿಯುವವರಿಗೆ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಅವರ ಎದೆ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಅಳೆಯುವುದು ಇದನ್ನೇ. ಮಾವನಿಗೆ ಇಂಜೆಕ್ಷನ್ ಕೊಟ್ಟ ಹುಡುಗನ ಎದೆ ಮೇಲೂ ಅದೇ ಬ್ಯಾಡ್ಜ್ ಇತ್ತು.

ಹೆದರುವಷ್ಟು ದೊಡ್ಡ ಲೆಕ್ಕ ಇದಲ್ಲ. ಹಾಗಂತ ಸೊನ್ನೆಯೂ ಅಲ್ಲ. ಏರು ಹತ್ತುವಾಗ ಎದೆ ಹಿಡಿಯುವ 64ರ ಮನುಷ್ಯನಿಗೆ ಲಾಭವೇ ಜಾಸ್ತಿ. ಯಾವ ತೊಂದರೆಯೂ ಇಲ್ಲದ 30ರ ಹುಡುಗ ‘ಒಮ್ಮೆ ನೋಡಿಬಿಡೋಣ’ ಎಂದು ಮಾಡಿಸಿಕೊಂಡರೆ ಲಾಭ ಏನೂ ಇಲ್ಲ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ, ಹಾಲೂಡಿಸುವ ತಾಯಂದಿರು ಮೊದಲೇ ತಿಳಿಸಬೇಕು. ಟೆಸ್ಟ್ ಆದ ದಿನ ನೀರು ಚೆನ್ನಾಗಿ ಕುಡಿದು ಮೂತ್ರಕ್ಕೆ ಹೋಗುತ್ತಿರಬೇಕು. ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುವುದನ್ನು ಮಾರನೇ ದಿನಕ್ಕೆ ಇಟ್ಟುಕೊಳ್ಳಬೇಕು. ಕೈಗಾದಂಥ ಜಾಗದಲ್ಲಿ ಕೆಲಸ ಮಾಡುವವರಾದರೆ ಮರಳುವ ಮುಂಚೆ ಅಲ್ಲಿಗೆ ತಿಳಿಸುವುದು ಒಳ್ಳೆಯದು. ಮೈಯಲ್ಲಿ ಉಳಿದ ಅಲ್ಪಸ್ವಲ್ಪವನ್ನೂ ಗೇಟಿನ ಯಂತ್ರ ಹಿಡಿದುಬಿಡಬಹುದು.

ಕೇಳಬಹುದಾದ ಇನ್ನೊಂದು ಒಳ್ಳೆಯ ಪ್ರಶ್ನೆ ಇದೆ: ‘ದುಡಿಸಿದ ಚಿತ್ರ ಮೊದಲು ತೆಗೆಯಬಹುದೇ?’ ಅದು ಪೂರ್ತಿ ಚೆನ್ನಾಗಿ ಬಂದರೆ ವಿಶ್ರಾಂತಿಯ ಚಿತ್ರ ಬೇಕಾಗುವುದೇ ಇಲ್ಲ. ವಿಕಿರಣ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಸ್ಸೂ ಸಿಗುತ್ತದೆ. ಎಲ್ಲರಿಗೂ ಇದು ಹೊಂದುವುದಿಲ್ಲ. ಹಿಂದೆ ಹಾರ್ಟ್ ಅಟ್ಯಾಕ್ ಆದವರಿಗೆ ಎರಡೂ ಚಿತ್ರ ಬೇಕಾಗುತ್ತದೆ. ಆದರೂ ಕೇಳಿ.

ರಿಪೋರ್ಟಿನಲ್ಲಿ ಮುಖ್ಯವಾಗಿ ಮೂರು ಬಗೆಯ ಫಲ ಬರುತ್ತದೆ. ಎರಡೂ ಚಿತ್ರದಲ್ಲಿ ರಕ್ತ ಸಮನಾಗಿದ್ದರೆ ನಾರ್ಮಲ್. ಇಂಥವರಲ್ಲಿ ಒಂದು ವರ್ಷದೊಳಗೆ ಹಾರ್ಟ್ ಅಟ್ಯಾಕ್ ಆಗುವ ಅಥವಾ ಹೃದಯದಿಂದ ಸಾವು ಬರುವ ಸಂಭವ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ದುಡಿಯುವಾಗ ಒಂದು ಕಡೆ ಮಸುಕಾಗಿ, ವಿಶ್ರಾಂತಿಯಲ್ಲಿ ತುಂಬಿಕೊಂಡರೆ ಆ ಭಾಗ ಬದುಕಿದೆ, ಬೇಕಾದಾಗ ರಕ್ತ ಸಾಲುತ್ತಿಲ್ಲ. ಎರಡರಲ್ಲೂ ಮಸುಕಾಗಿಯೇ ಇದ್ದರೆ ಅಲ್ಲಿ ಹಳೆಯ ಗಾಯದ ಕಲೆ ಇರುವ ಸಂಭವ ಹೆಚ್ಚು. ಸತ್ತ ಗಿಡಕ್ಕೆ ನೀರು ಬಿಟ್ಟರೆ ಚಿಗುರುವುದಿಲ್ಲ. ಹಾಗೆಯೇ ಆ ಭಾಗಕ್ಕೆ ಸ್ಟೆಂಟ್ ಹಾಕಿ ಹೆಚ್ಚು ಪ್ರಯೋಜನವಿಲ್ಲ. ಕೆಲವೊಮ್ಮೆ ಕೋಶಗಳು ಸಾಯದೆ ನಿದ್ದೆ ಹೋದಂತೆ ಇರುತ್ತವೆ. ಅದನ್ನು ತಿಳಿಯಲು ಸಕ್ಕರೆಯಂಥ ಔಷಧಿ ಬಳಸುವ ಪೆಟ್ ಎಂಬ ಇನ್ನೊಂದು ನ್ಯೂಕ್ಲಿಯರ್ ಸ್ಕ್ಯಾನ್ ನೆರವಾಗುತ್ತದೆ.

ಆಂಜಿಯೋಗ್ರಾಂ ಪೈಪನ್ನು ತೋರಿಸುತ್ತದೆ. ಈ ಟೆಸ್ಟ್ ಬುಡಕ್ಕೆ ನೀರು ಬಿತ್ತೋ ಇಲ್ಲವೋ ತೋರಿಸುತ್ತದೆ. ನಮ್ಮ ಊರುಗಳಲ್ಲಿ ‘ಶೇ 70 ಬ್ಲಾಕ್ ಇದೆಯಂತೆ’ ಎಂಬ ಮಾತು ಕೇಳಿದೊಡನೆ ಮನೆಯೆಲ್ಲ ನಡುಗುತ್ತದೆ. ಚಿನ್ನ ಅಡವಿಡುತ್ತಾರೆ, ಅದೇ ದಿನ ಸ್ಟೆಂಟ್‌ಗೆ ಸಹಿ ಹಾಕುತ್ತಾರೆ. ಆ ಶೇ 70ರಿಂದ ಸ್ನಾಯುವಿಗೆ ಎಷ್ಟು ಕೊರತೆ ಆಗುತ್ತಿದೆ ಎಂದು ಕೇಳುವವರು ಕಡಿಮೆ. ಇದು ನನ್ನನ್ನು ತುಂಬಾ ಕಾಡುವ ವಿಷಯ.

2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಎಂಬ ದೊಡ್ಡ ಅಧ್ಯಯನ ಇದನ್ನೇ ಪರೀಕ್ಷಿಸಿತು. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳು ಅದರಲ್ಲಿದ್ದರು. ಇಂಥ ಟೆಸ್ಟ್‌ಗಳಲ್ಲಿ ಸಾಕಷ್ಟು ಕೊರತೆ ಕಂಡ, ಆದರೆ ಸ್ಥಿರವಾಗಿದ್ದ ಜನ ಇವರು. ಅರ್ಧ ಮಂದಿಗೆ ಮೊದಲೇ ಆಂಜಿಯೋ ಮಾಡಿ, ಬೇಕಾದಲ್ಲಿ ಸ್ಟೆಂಟ್ ಅಥವಾ ಬೈಪಾಸ್. ಉಳಿದವರಿಗೆ ಒಳ್ಳೆಯ ಮಾತ್ರೆ, ಪಥ್ಯ, ನಿಗಾ, ತೀರಾ ಬೇಕಾದರೆ ಮಾತ್ರ ಆಂಜಿಯೋ. ಮೂರು ವರ್ಷಕ್ಕೂ ಮೇಲ್ಪಟ್ಟು ನೋಡಿಕೊಂಡ ಬಳಿಕ ಮೊದಲ ಗುಂಪಿನಲ್ಲಿ 145 ಸಾವು, ಎರಡನೆಯದರಲ್ಲಿ 144. ಹಾರ್ಟ್ ಅಟ್ಯಾಕ್ ಸೇರಿಸಿ ಲೆಕ್ಕ ಹಾಕಿದರೂ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆಗಾಗ ಎದೆನೋವು ಬರುತ್ತಿದ್ದವರಿಗೆ ಮಾತ್ರ ಸ್ಟೆಂಟ್, ಬೈಪಾಸಿನಿಂದ ನೋವು ಚೆನ್ನಾಗಿ ಕಡಿಮೆಯಾಯಿತು. ಅದೂ ಸಣ್ಣ ಲಾಭವಲ್ಲ. ಏರು ಹತ್ತದೆ ಬದುಕು ನಡೆಯದ ನಮ್ಮ ಕಡೆ ಅದಕ್ಕೆ ಬೆಲೆ ಇದೆ.

ಆದರೆ ಈ ಫಲಿತಾಂಶವನ್ನು ಎಲ್ಲರಿಗೂ ಅಂಟಿಸಬಾರದು. ಎಡಗಡೆಯ ಮುಖ್ಯ ನಾಳವೇ ಕಿರಿದಾದವರು, ಹೃದಯ ತುಂಬಾ ಸೋತವರು, ಮಾತ್ರೆಗೂ ನೋವು ನಿಲ್ಲದವರು ಅದರಲ್ಲಿ ಇರಲಿಲ್ಲ. ಈಗಷ್ಟೇ ಹಾರ್ಟ್ ಅಟ್ಯಾಕ್ ಆಗುತ್ತಿರುವವರ ಕಥೆಯಂತೂ ಪೂರ್ತಿ ಬೇರೆ. ಕುಳಿತಲ್ಲೇ ಎದೆ ಒತ್ತಿ, ಬೆವರು ಕಿತ್ತು, ನೋವು ಕೈಗೋ ದವಡೆಗೋ ಇಳಿದರೆ ಯಾವ ಸ್ಕ್ಯಾನ್ ಬಗ್ಗೆಯೂ ಯೋಚಿಸಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಅಲ್ಲಿ ಲೆಕ್ಕಕ್ಕೆ ಬರುವುದು ನಿಮಿಷಗಳು.

ಟೆಸ್ಟ್‌ಗೂ ದೋಷಗಳಿವೆ. ಹೃದಯದ ಮೂರೂ ಮುಖ್ಯ ನಾಳಗಳು ಒಂದೇ ಸಮ ಕಟ್ಟಿಕೊಂಡಿದ್ದರೆ ಚಿತ್ರ ಪೂರ್ತಿ ಸಮವಾಗಿ ಕಂಡು ಮೋಸ ಮಾಡಬಹುದು. ಈ ಕ್ಯಾಮೆರಾ ಒಂದು ಭಾಗವನ್ನು ಇನ್ನೊಂದರ ಜೊತೆ ಹೋಲಿಸಿ ಹೇಳುತ್ತದೆ. ಇಡೀ ತೋಟ ಒಣಗಿದ್ದರೆ ಯಾವ ಸಾಲನ್ನು ಯಾವುದರ ಜೊತೆ ಹೋಲಿಸುವುದು? ಹೆಂಗಸರಲ್ಲಿ ಸ್ತನದ ನೆರಳು ಹೃದಯದ ಮುಂಭಾಗದ ಮೇಲೆ ಬಿದ್ದು ಇಲ್ಲದ ಕೊರತೆ ಕಾಣಿಸಬಹುದು. ಗಂಡಸರಲ್ಲಿ ವಪೆಯ (ಎದೆ-ಹೊಟ್ಟೆ ನಡುವಿನ ಪರದೆ) ನೆರಳು ಕೆಳಭಾಗದ ಮೇಲೆ ಬೀಳುತ್ತದೆ. ಅನುಭವ ಇದ್ದವರು ಇದನ್ನು ಗುರುತಿಸುತ್ತಾರೆ. ಹೆಂಗಸರ ಬಗ್ಗೆ ಇನ್ನೂ ಒಂದು ಮಾತು ಇದೆ. ದೊಡ್ಡ ನಾಳಗಳು ಸ್ವಚ್ಛವಾಗಿದ್ದು, ಕಣ್ಣಿಗೆ ಕಾಣದ ಸಣ್ಣ ನಾಳಗಳಲ್ಲಿ ತೊಂದರೆ ಇರುವುದು ಅವರಲ್ಲಿ ಹೆಚ್ಚು. ಮೀನು ಬುಟ್ಟಿ ಹೊತ್ತು ನಡೆಯುವಾಗ ಉಸಿರು ಕಟ್ಟುತ್ತದೆ ಅನ್ನುವ ಅಂಕೋಲೆಯ ಹೆಂಗಸಿಗೆ ‘ಆಂಜಿಯೋ ನಾರ್ಮಲ್, ಟೆನ್ಶನ್ ಮಾಡ್ಕೋಬೇಡಿ’ ಎಂದು ಕಳಿಸಿದರೆ ಅನ್ಯಾಯ ಆಗಬಹುದು. ಹೃದಯದ ಪೆಟ್ ಸ್ಕ್ಯಾನ್ ಹರಿವನ್ನು ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಅಳೆಯುತ್ತದೆ. ಹಾಗಾಗಿ ಮೂರೂ ನಾಳ ಕಟ್ಟಿದಾಗಲೂ, ಸಣ್ಣ ನಾಳಗಳ ತೊಂದರೆಯಲ್ಲೂ ಅದು ಮೇಲು. ಆದರೆ ಅದರ ಔಷಧಿಗಳ ಆಯುಷ್ಯ ತುಂಬಾ ಸಣ್ಣದು. ರುಬಿಡಿಯಂ-82 ಒಂದೂಕಾಲು ನಿಮಿಷಕ್ಕೆ ಅರ್ಧವಾಗುತ್ತದೆ. ಸಾರಜನಕ-13 ಇರುವ ಅಮೋನಿಯಾ ಹತ್ತು ನಿಮಿಷಕ್ಕೆ. ಅದನ್ನು ತಯಾರಿಸುವ ಯಂತ್ರ ಆಸ್ಪತ್ರೆಯ ಪಕ್ಕದಲ್ಲೇ ಇರಬೇಕು. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲೂರ್ಪಿರಿಡಾಜ್ ಎಂಬ ಪೆಟ್ ಔಷಧಿ ಅರ್ಧವಾಗಲು 110 ನಿಮಿಷ ಬೇಕು. ಅದನ್ನು ರಸ್ತೆಯಲ್ಲಿ ಸಾಗಿಸಬಹುದು ಎಂಬುದೇ ದೊಡ್ಡ ಸುದ್ದಿಯಾಯಿತು.

ಹೊಸದಾಗಿ ಎದೆನೋವು ಶುರುವಾದ, ಹಿಂದೆ ಹೃದಯದ ಕಾಯಿಲೆ ಇಲ್ಲದವರಿಗೆ ಎಷ್ಟೋ ಸಲ ಸಿಟಿ ಆಂಜಿಯೋನೇ (ಡೈ ಕೊಟ್ಟು ನಾಳಗಳನ್ನು ನೋಡುವ ಸಿಟಿ ಸ್ಕ್ಯಾನ್) ಮೊದಲ ಟೆಸ್ಟ್ ಆಗಿ ಸಾಕು. ನ್ಯೂಕ್ಲಿಯರ್ ಟೆಸ್ಟ್ ಹೆಚ್ಚು ಉಪಯೋಗಕ್ಕೆ ಬರುವುದು ಹಳೆಯ ಸ್ಟೆಂಟ್ ಅಥವಾ ಬೈಪಾಸ್ ಇದ್ದವರಿಗೆ, ನಾಳದಲ್ಲಿ ಸುಣ್ಣ ಜಾಸ್ತಿ ಕಟ್ಟಿದವರಿಗೆ, ಕಿಡ್ನಿ ತೊಂದರೆಯಿಂದ ಸಿಟಿಯ ಡೈ ತಡೆಯದವರಿಗೆ, ಆಂಜಿಯೋದಲ್ಲಿ ನಡುಮಧ್ಯದ ಬ್ಲಾಕ್ ಕಂಡು ಏನು ಮಾಡಬೇಕೆಂದು ತೋಚದಿದ್ದಾಗ. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಗಳ ಮುಂದೆ ತೊಂದರೆ ಇಲ್ಲದವರೂ ಸಾಲು ನಿಂತರು. ಆ ಭಯ ಅರ್ಥವಾಗುತ್ತದೆ. ಆದರೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಕೊಳ್ಳುವುದು, ತಂಬಾಕು ಬಿಡುವುದು ಅವರಿಗೆ ಯಾವ ಸ್ಕ್ಯಾನಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ನಮ್ಮವರಿಗೆ ಇದನ್ನು ಹೇಳಲೇಬೇಕು.

ಇನ್ನು ಈ ಟೆಸ್ಟ್ ನಮ್ಮ ಜಿಲ್ಲೆಯಲ್ಲೇ ಸಿಗಬಾರದೇ? ಕಾರವಾರದವರು ಗೋವಾಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಹೊನ್ನಾವರ-ಭಟ್ಕಳದವರು ಮಣಿಪಾಲ-ಮಂಗಳೂರಿಗೆ ಓಡುವುದು ರೂಢಿಯಾಗಿಬಿಟ್ಟಿದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿದ ಮೇಲೆ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಜೋರಾಯಿತು. ಆ ಕೂಗಿನ ಜೊತೆ ನಾನೂ ಇದ್ದೇನೆ. ಅದಕ್ಕೇ ಈ ಯಂತ್ರ ನಡೆಯುವುದು ಹೇಗೆಂದು ತಿಳಿದಿರಬೇಕು.

ಟೆಕ್ನೀಶಿಯಂ 6 ಗಂಟೆಗೆ ಅರ್ಧವಾಗುವುದರಿಂದ ತಂದು ಕಪಾಟಿನಲ್ಲಿ ಇಡಲು ಆಗುವುದಿಲ್ಲ. ಅದರ ತಾಯಿ ಮಾಲಿಬ್ಡಿನಂ-99. ಅದು 66 ಗಂಟೆಗೆ ಅರ್ಧವಾಗುತ್ತದೆ. ಸೀಸದ ಕವಚದೊಳಗೆ ಮಾಲಿಬ್ಡಿನಂ ಇರುವ ಜನರೇಟರನ್ನು ಆಸ್ಪತ್ರೆಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ ತರಿಸುತ್ತವೆ. ದಿನಾ ಬೆಳಿಗ್ಗೆ ಅದರಿಂದ ಟೆಕ್ನೀಶಿಯಂ ತೆಗೆಯುತ್ತಾರೆ. ಇದಕ್ಕೆ ಆ ಕೆಲಸದವರು ‘ಹಾಲು ಕರೆಯುವುದು’ ಅನ್ನುತ್ತಾರೆ. ಹೋಲಿಕೆ ಸರಿಯಾಗಿಯೇ ಇದೆ. ಇವತ್ತು ಕರೆದರೆ ನಾಳೆ ಅದೇ ಹೊತ್ತಿಗೆ ಮತ್ತೆ ತುಂಬಿಕೊಂಡಿರುತ್ತದೆ, ದಿನದಿಂದ ದಿನಕ್ಕೆ ಸ್ವಲ್ಪ ಕಡಿಮೆ. ಈ ಮಾಲಿಬ್ಡಿನಂ ಬರುವುದು ಕೈಗಾದಂಥ ವಿದ್ಯುತ್ ಸ್ಥಾವರದಿಂದ ಅಲ್ಲ. ಟ್ರಾಂಬೆಯ ಧ್ರುವದಂಥ ಸಂಶೋಧನಾ ರಿಯಾಕ್ಟರುಗಳಿಂದ, ಮತ್ತು ಹೊರದೇಶಗಳಿಂದ. 2009ರಲ್ಲಿ ಕೆನಡಾದ ಒಂದು ಹಳೆಯ ರಿಯಾಕ್ಟರ್ ನಿಂತಾಗ ಜಗತ್ತಿನಾದ್ಯಂತ ಆಸ್ಪತ್ರೆಗಳು ಪರದಾಡಿದವು.

ರಸ್ತೆಯ ಲೆಕ್ಕ ಹಾಕಿ. ಜನರೇಟರ್ ಒಂದು ದಿನ ತಡವಾದರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮೂರು ವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಂಥ ಮಳೆಗಾಲಕ್ಕೂ ಯೋಜನೆ ಬೇಕು. ಅದರ ಮೇಲೆ ನಿಯಂತ್ರಣ ಮಂಡಳಿಯ ಪರವಾನಗಿ, ನ್ಯೂಕ್ಲಿಯರ್ ಮೆಡಿಸಿನ್ ಓದಿದ ಡಾಕ್ಟರು, ವಿಕಿರಣ ಸುರಕ್ಷತಾ ಅಧಿಕಾರಿ, ತರಬೇತಿಯ ಟೆಕ್ನೀಶಿಯನ್. ವಾರಕ್ಕೆ ಇಬ್ಬರು ಬಂದರೂ ಇಪ್ಪತ್ತು ಜನ ಬಂದರೂ ಜನರೇಟರ್ ಕರಗುವುದು ಒಂದೇ ಸಮ.

ನನ್ನ ಅಭಿಪ್ರಾಯದಲ್ಲಿ ಮೊದಲ ಬೇಡಿಕೆ ಆಂಜಿಯೋ ಮಾಡಿ ಸ್ಟೆಂಟ್ ಹಾಕುವ, ಹಗಲು-ರಾತ್ರಿ ನಡೆಯುವ ಕ್ಯಾಥ್ ಲ್ಯಾಬ್, ಅದರ ಜೊತೆಗೆ ಹೃದಯ ತಜ್ಞರು. ಹಾರ್ಟ್ ಅಟ್ಯಾಕ್ ಆದವನಿಗೆ ಘಟ್ಟ ದಾಟುವಷ್ಟು ಸಮಯ ಇರುವುದಿಲ್ಲ. ಥಾಲಿಯಂ ಟೆಸ್ಟ್‌ಗೆ ಒಂದು ವಾರ ಕಾಯಬಹುದು. ಎರಡನೇ ಬೇಡಿಕೆಯಾಗಿ ಗಾಮಾ ಕ್ಯಾಮೆರಾ ಕೇಳೋಣ, ಹೃದಯಕ್ಕೆ ಮಾತ್ರ ಎಂದು ಕೇಳುವುದು ಬೇಡ. ಅದೇ ಕ್ಯಾಮೆರಾ, ಅದೇ ಟೆಕ್ನೀಶಿಯಂ ಥೈರಾಯ್ಡ್ ನೋಡುತ್ತದೆ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ನೋಡುತ್ತದೆ, ಕ್ಯಾನ್ಸರ್ ಮೂಳೆಗೆ ಹರಡಿದೆಯೇ ನೋಡುತ್ತದೆ. ಇವೆಲ್ಲಕ್ಕೂ ಇವತ್ತು ನಮ್ಮವರು ಜಿಲ್ಲೆ ದಾಟಿ ಅಲೆಯುತ್ತಾರೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಇಷ್ಟೆಲ್ಲ ರೋಗಿಗಳನ್ನು ಸೇರಿಸಿದರೆ ಒಂದು ಜನರೇಟರಿಗೆ ವಾರವಿಡೀ ಕೆಲಸ ಸಿಗುತ್ತದೆ.

ಮಾವನ ರಿಪೋರ್ಟ್ ಬಂತು. ಹೃದಯದ ಕೆಳಭಾಗದಲ್ಲಿ ಸಣ್ಣ ಜಾಗದಲ್ಲಿ ದುಡಿಯುವಾಗ ಕೊರತೆ, ವಿಶ್ರಾಂತಿಯಲ್ಲಿ ತುಂಬಿಕೊಳ್ಳುತ್ತದೆ. ಹೃದಯದ ಬಲ ಚೆನ್ನಾಗಿದೆ. ಡಾಕ್ಟರು ಚಿತ್ರ ತೋರಿಸಿ ಅರ್ಧ ಗಂಟೆ ಮಾತಾಡಿದರು. ಆಸ್ಪಿರಿನ್, ಸ್ಟ್ಯಾಟಿನ್, ಎದೆಬಡಿತ ಇಳಿಸುವ ಒಂದು ಮಾತ್ರೆ, ನೋವು ಬಂದರೆ ನಾಲಿಗೆ ಕೆಳಗೆ ಇಡಲು ಇನ್ನೊಂದು. ನೋವು ಹೆಚ್ಚಾದರೆ, ಕಡಿಮೆ ಕೆಲಸಕ್ಕೇ ಬರತೊಡಗಿದರೆ ಆಂಜಿಯೋ. ಈಗ ಮಾವ ಏರನ್ನು ಎರಡು ಕಡೆ ನಿಂತು ಹತ್ತುತ್ತಾರೆ. ನಾಲಿಗೆ ಕೆಳಗಿನ ಮಾತ್ರೆ ಇಷ್ಟು ದಿನದಲ್ಲಿ ಒಂದೇ ಸಲ ಬೇಕಾಯಿತು. ಫೈಲು, ಚಿತ್ರದ ಸಿಡಿ ಎರಡೂ ಗಾಡ್ರೇಜ್ ಕಪಾಟಿನಲ್ಲಿ ತೋಟದ ಪಹಣಿ ಜೊತೆ ಇವೆ. ಮುಂದಿನ ಸಲ ಕಾಣಲು ಹೇಳಿರುವುದು ಶ್ರಾವಣದಲ್ಲಿ, ರಸ್ತೆ ಸರಿ ಇದ್ದರೆ.